ಕಿರಿಯ ಫುಟ್‌ಬಾಲ್ ಆಟಗಾರರಿಗೆ ಎಕ್ಸೆಂಟ್ರಿಕ್ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳೆಲ್ಲ ಮೈದಾನದ ಅಂಚಿನಲ್ಲಿ ನಿಂತು ಪೋಷಕರು, ಹೊಸ ಕೋಚ್‌ಗಳು ಮತ್ತು ಸ್ವತಃ ಆಟಗಾರರು ನನ್ನನ್ನು ಕೇಳಿದಂಥವು. ಕಿರಿಯರಿಗೆ ವೇಗವಾಗಿ ಓಡುವುದನ್ನು ನಾವೆಲ್ಲ ಉತ್ಸಾಹದಿಂದ ಕಲಿಸುತ್ತೇವೆ. ಆ ವೇಗವನ್ನು ತಡೆದು ನಿಲ್ಲುವುದನ್ನು ಕಲಿಸುವುದಿಲ್ಲ. ಮಕ್ಕಳು ಮುಗ್ಗರಿಸುವುದೂ ಗಾಯಗೊಳ್ಳುವುದೂ ಹೆಚ್ಚಾಗಿ ಈ ನಿಲ್ಲುವ ಕ್ಷಣದಲ್ಲೇ ಎಂಬುದು ನಾನು ಕಂಡ ಮಾತು. ಕೆಳಗಿನ ಉತ್ತರಗಳೆಲ್ಲ ಅದರ ಸುತ್ತಲೇ ಇವೆ.

ಎಕ್ಸೆಂಟ್ರಿಕ್ ಎಂದರೆ ನಿಜಕ್ಕೂ ಏನು?

ನೀರು ತುಂಬಿದ ಬಕೆಟ್ ಒಂದನ್ನು ನೆಲದಿಂದ ಎತ್ತಿ ಮೇಜಿನ ಮೇಲಿಡಿ. ಈಗ ಅದನ್ನೇ ಒಂದು ಹನಿಯೂ ತುಳುಕದಂತೆ ಮೆಲ್ಲಗೆ ಕೆಳಗಿಳಿಸಿ. ಎತ್ತುವಾಗ ತೋಳಿನ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡಿತು. ಇಳಿಸುವಾಗಲೂ ದುಡಿದದ್ದು ಅದೇ ಸ್ನಾಯು. ಅದು ಬಿಗಿಯಾಗಿಯೇ ಇತ್ತು, ಆದರೆ ಭಾರ ಅದನ್ನು ಎಳೆದು ಹಿಗ್ಗಿಸುತ್ತಿತ್ತು. ಹೀಗೆ ಸ್ನಾಯು ಬಲ ಹಾಕುತ್ತಲೇ ಉದ್ದವಾಗುವ ಕೆಲಸಕ್ಕೆ ಎಕ್ಸೆಂಟ್ರಿಕ್ ಎನ್ನುತ್ತಾರೆ. ಮೆಟ್ಟಿಲು ಇಳಿಯುವಾಗ, ಇಳಿಜಾರಿನಲ್ಲಿ ನಡೆಯುವಾಗ, ಕುರ್ಚಿಯ ಮೇಲೆ ನಿಧಾನವಾಗಿ ಕೂರುವಾಗ ನಾವೆಲ್ಲರೂ ಇದನ್ನೇ ಮಾಡುತ್ತೇವೆ.

ಇದರ ವೈಶಿಷ್ಟ್ಯ ಎರಡು. ಎತ್ತಲು ಆಗದಷ್ಟು ಭಾರವನ್ನೂ ನಾವು ತಡೆದು ಇಳಿಸಬಲ್ಲೆವು, ಏಕೆಂದರೆ ಹಿಗ್ಗುತ್ತಿರುವ ಸ್ನಾಯು ಕುಗ್ಗುತ್ತಿರುವ ಸ್ನಾಯುವಿಗಿಂತ ಹೆಚ್ಚು ಬಲ ತಾಳಬಲ್ಲದು. ಜೊತೆಗೆ, ಅಷ್ಟೇ ಕೆಲಸಕ್ಕೆ ಅದು ಬಳಸುವ ಆಮ್ಲಜನಕ ಕಡಿಮೆ. ಇಂಗ್ಲೆಂಡಿನಲ್ಲಿ 1952ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಒಂದೇ ಸರಪಳಿಯಿಂದ ಜೋಡಿಸಿದ್ದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಮ್ಮುಖವಾಗಿ ತಿರುಗಿ ಬರುವ ಪೆಡಲನ್ನು ತಡೆಯಬೇಕು. ಇಬ್ಬರೂ ಹಾಕಿದ್ದು ಒಂದೇ ಬಲ. ತುಳಿದವರು ಏದುಸಿರು ಬಿಡುವಾಗ ತಡೆದವರಿಗೆ ಅಷ್ಟು ದಣಿವಿರಲಿಲ್ಲ.

ಫುಟ್‌ಬಾಲ್‌ನಲ್ಲಿ ಇದು ಎಲ್ಲಿ ಬರುತ್ತದೆ?

ಒಬ್ಬ ವಿಂಗರ್ ಪೂರ್ಣ ವೇಗದಲ್ಲಿ ಓಡಿ ಬಂದು, ಡಿಫೆಂಡರ್‌ನ ಮುಂದೆ ಗಕ್ಕನೆ ನಿಂತು ಒಳಕ್ಕೆ ತಿರುಗುವುದನ್ನು ಗಮನಿಸಿ. ನಿಲ್ಲುವ ಆ ಎರಡು ಮೂರು ಹೆಜ್ಜೆಗಳಲ್ಲಿ ಅವನ ತೊಡೆಯ ಮುಂಭಾಗದ ಸ್ನಾಯು ಇಡೀ ದೇಹದ ವೇಗವನ್ನು ನುಂಗಿಕೊಳ್ಳುತ್ತದೆ. ಹೆಡರ್‌ಗೆ ಹಾರಿ ನೆಲಕ್ಕಿಳಿಯುವಾಗ ತೊಡೆ, ಪೃಷ್ಠ ಮತ್ತು ಮೀನಖಂಡ ಮೂರೂ ಸೇರಿ ಅದನ್ನೇ ಮಾಡುತ್ತವೆ. ಚೆಂಡನ್ನು ಬಲವಾಗಿ ಒದ್ದ ಮೇಲೆ ಮುಂದಕ್ಕೆ ಚಿಮ್ಮಿದ ಕಾಲನ್ನು ಹಿಡಿದು ನಿಲ್ಲಿಸುವುದು ತೊಡೆಯ ಹಿಂಭಾಗದ ಸ್ನಾಯುವಾದ ಹ್ಯಾಮ್‌ಸ್ಟ್ರಿಂಗ್.

ಸ್ಪ್ರಿಂಟ್‌ನಲ್ಲಿ ಹ್ಯಾಮ್‌ಸ್ಟ್ರಿಂಗ್ ಸೆಳೆದುಕೊಳ್ಳುವ ಗಳಿಗೆಯೂ ಇಂಥದ್ದೇ. ಕಾಲು ಮುಂದಕ್ಕೆ ಬೀಸಿ, ಮಂಡಿ ಬಿಡಿಸಿಕೊಂಡು, ಪಾದ ಇನ್ನೇನು ನೆಲ ಮುಟ್ಟಬೇಕು ಎನ್ನುವಾಗ ಈ ಸ್ನಾಯು ಅತಿ ಹೆಚ್ಚು ಹಿಗ್ಗಿರುತ್ತದೆ, ಅದೇ ಹೊತ್ತಿನಲ್ಲಿ ಅತಿ ಹೆಚ್ಚು ಬಲವನ್ನೂ ಹಾಕುತ್ತಿರುತ್ತದೆ. ಹಿಗ್ಗಿದ ಸ್ಥಿತಿಯಲ್ಲಿ ಬಲ ಹಾಕುವ ಅಭ್ಯಾಸ ಇಲ್ಲದ ಸ್ನಾಯು ಅಲ್ಲಿ ಸೋಲುತ್ತದೆ. ಕುಗ್ಗುವ ವ್ಯಾಯಾಮವನ್ನು ಎಷ್ಟು ಮಾಡಿದರೂ ಈ ಕೊರತೆ ಪೂರ್ತಿ ತುಂಬುವುದಿಲ್ಲ.

ಸಮತೋಲನಕ್ಕೂ ಸ್ನಾಯುವಿನ ಬಲಕ್ಕೂ ಏನು ಸಂಬಂಧ? ಒಂಟಿ ಕಾಲಲ್ಲಿ ನಿಲ್ಲುವುದನ್ನು ಕಲಿಸಿದರೆ ಸಾಲದೇ?

ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲುವುದು ಒಳ್ಳೆಯ ಅಭ್ಯಾಸ. ಆದರೆ ಅದು ನಿಂತ ನೀರಿನ ಸಮತೋಲನ. ಪಂದ್ಯದಲ್ಲಿ ಭುಜಕ್ಕೆ ಭುಜ ತಾಗುತ್ತದೆ, ಒದ್ದೆ ಹುಲ್ಲಿನಲ್ಲಿ ಪಾದ ಜಾರುತ್ತದೆ, ದೇಹದ ಭಾರ ಒಂದು ಕಡೆಗೆ ವಾಲುತ್ತದೆ. ಆಗ ವಾಲುವುದನ್ನು ತಡೆದು ನೇರಕ್ಕೆ ತರಬೇಕಾದವು ಸೊಂಟ, ಮಂಡಿ ಮತ್ತು ಪಾದದ ಗಂಟಿನ ಸುತ್ತಲಿನ ಸ್ನಾಯುಗಳು. ವಾಲುತ್ತಿರುವ ದೇಹವನ್ನು ತಡೆಯುವುದು ಎಂದರೆ ಹಿಗ್ಗುತ್ತಲೇ ಬಲ ಹಾಕುವುದು. ಹಾಗಾಗಿ ಇಳಿಸುವ ಬಲ ಬೆಳೆದ ಆಟಗಾರನ ಸಮತೋಲನವೂ ಸಾಮಾನ್ಯವಾಗಿ ಸುಧಾರಿಸುತ್ತದೆ.

ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ. ಮಂಡಿಗಿಂತ ತಗ್ಗಾದ ಒಂದು ಪೆಟ್ಟಿಗೆಯಿಂದ ಆಟಗಾರ ಒಂಟಿ ಕಾಲಲ್ಲಿ ಕೆಳಗಿಳಿದು ಹಾಗೆಯೇ ನಿಲ್ಲಲಿ. ನೀವು ಎದುರಿಗೆ ಕುಕ್ಕರಗಾಲಲ್ಲಿ ಕೂತು ಅವನ ಮಂಡಿಯನ್ನಷ್ಟೇ ನೋಡಿ. ಬಲವಿದ್ದವನ ಮಂಡಿ ಪಾದದ ಎರಡನೆಯ ಬೆರಳಿನ ನೇರಕ್ಕೆ ಬಾಗಿ ನಿಲ್ಲುತ್ತದೆ. ಪಾದದ ಸದ್ದೂ ಮೆತ್ತಗಿರುತ್ತದೆ. ಬಲವಿಲ್ಲದವನ ಮಂಡಿ ನಡುಗಿ ಒಳಕ್ಕೆ ಕುಸಿಯುತ್ತದೆ, ಎದುರು ಬದಿಯ ಸೊಂಟ ಕೆಳಗೆ ಇಳಿಯುತ್ತದೆ, ತೋಳುಗಳು ಗಾಳಿಯಲ್ಲಿ ಬೀಸಾಡುತ್ತವೆ, ಹಿಮ್ಮಡಿ ನೆಲಕ್ಕೆ ದಪ್ಪೆಂದು ಬಡಿಯುತ್ತದೆ. ಇದನ್ನು ಕಣ್ಣಾರೆ ಕಂಡ ಪೋಷಕರಿಗೆ ನಾನು ಮತ್ತೆ ವಿವರಣೆ ಕೊಡಬೇಕಾಗಿ ಬಂದಿಲ್ಲ.

ನಿಧಾನವಾಗಿ ಇಳಿಸುವ ವ್ಯಾಯಾಮದಿಂದ ಚಿಮ್ಮುವ ಶಕ್ತಿ ಹೇಗೆ ಬರುತ್ತದೆ?

ಎತ್ತರಕ್ಕೆ ಹಾರುವ ಮುನ್ನ ಎಲ್ಲರೂ ಒಮ್ಮೆ ತಗ್ಗುತ್ತಾರೆ. ಆ ತಗ್ಗುವಿಕೆಯಲ್ಲಿ ಸ್ನಾಯು ಮತ್ತು ಸ್ನಾಯುರಜ್ಜು ರಬ್ಬರಿನಂತೆ ಹಿಗ್ಗಿ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಮರುಕ್ಷಣ ಬಿಟ್ಟುಕೊಡುತ್ತವೆ. ತಗ್ಗುವ ಹಂತದಲ್ಲಿ ಬಲವಿಲ್ಲದಿದ್ದರೆ ದೇಹ ಅಗತ್ಯಕ್ಕಿಂತ ಆಳಕ್ಕೆ ಕುಸಿಯುತ್ತದೆ, ಮೇಲೇಳಲು ತಡವಾಗುತ್ತದೆ, ಹಿಡಿದಿಟ್ಟ ಶಕ್ತಿ ಸೋರಿಹೋಗುತ್ತದೆ. ಬಲವಿದ್ದರೆ ತಗ್ಗಿದ್ದೂ ಚಿಮ್ಮಿದ್ದೂ ಒಂದೇ ಉಸಿರಿನಲ್ಲಿ ಆಗುತ್ತದೆ.

ಆದರೆ ನಿಧಾನದ ವ್ಯಾಯಾಮ ಮಾತ್ರ ಸಾಲದು. ಅದು ಅಡಿಪಾಯ ಹಾಕುತ್ತದೆ. ಆ ಬಲವನ್ನು ವೇಗಕ್ಕೆ ತಿರುಗಿಸಲು ಜಿಗಿತ, ಸ್ಪ್ರಿಂಟ್ ಮತ್ತು ದಿಕ್ಕು ಬದಲಿಸುವ ಅಭ್ಯಾಸ ಬೇಕೇ ಬೇಕು. ಜಿಮ್‌ನಲ್ಲಿ ತಿಂಗಳುಗಟ್ಟಲೆ ಇಳಿಸುವ ವ್ಯಾಯಾಮ ಮಾಡಿಸಿ ಮೈದಾನದಲ್ಲಿ ಒಮ್ಮೆಯೂ ಪೂರ್ಣ ವೇಗದಲ್ಲಿ ಓಡಿಸದ ಕೋಚ್‌ಗಳನ್ನು ಕಂಡಿದ್ದೇನೆ. ಅದು ಅರ್ಧ ಕೆಲಸ.

ಯಾವ ವಯಸ್ಸಿನಿಂದ ಆರಂಭಿಸಬಹುದು? ಎತ್ತರ ಬೆಳೆಯುವುದು ನಿಂತುಹೋಗುವುದಿಲ್ಲವೇ?

ಸರಿಯಾದ ಮೇಲ್ವಿಚಾರಣೆಯಲ್ಲಿ ಮಾಡಿಸಿದ ಬಲವರ್ಧನೆಯಿಂದ ಮಕ್ಕಳ ಎತ್ತರ ಕುಂಠಿತವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಓಡಿ, ಹಾರಿ, ಮರದಿಂದ ಧುಮುಕುವ ಮಗುವಿನ ಮೂಳೆಗಳ ಮೇಲೆ ಬೀಳುವ ಬಲ ನಾವು ಮಾಡಿಸುವ ವ್ಯಾಯಾಮಕ್ಕಿಂತ ಹೆಚ್ಚೇ ಇರುತ್ತದೆ.

ಹತ್ತು ಹನ್ನೊಂದು ವರ್ಷದವರಿಗೆ ಆಟದ ರೂಪದಲ್ಲೇ ಕಲಿಸಿ: ಕಪ್ಪೆಯಂತೆ ಹಾರಿ ಬೆಕ್ಕಿನಂತೆ ಸದ್ದಿಲ್ಲದೆ ಇಳಿಯುವುದು, ಸೀಟಿ ಊದಿದೊಡನೆ ಕಲ್ಲಿನಂತೆ ನಿಲ್ಲುವುದು, ಐದು ಎಣಿಸುತ್ತಾ ಬಸ್ಕಿಯಲ್ಲಿ ಕೆಳಗಿಳಿಯುವುದು. ಆಟಕ್ಕೆ ಮುನ್ನ ಮೈ ಬೆಚ್ಚಗಾಗಿಸುವ (ವಾರ್ಮ್ ಅಪ್) ಫಿಫಾದ 11+ ಎಂಬ ಕಾರ್ಯಕ್ರಮಕ್ಕೆ ಮಕ್ಕಳಿಗೆಂದೇ ರೂಪಿಸಿದ ಆವೃತ್ತಿಯಿದೆ. ಯುರೋಪಿನ ನಾಲ್ಕು ದೇಶಗಳಲ್ಲಿ ಅದನ್ನು ಪರೀಕ್ಷಿಸಿದಾಗ ಗಾಯಗಳು ಸುಮಾರು ಅರ್ಧಕ್ಕೆ ಇಳಿದವು.

ನನಗೆ ಹೆಚ್ಚು ಎಚ್ಚರಿಕೆ ಬೇಕೆನಿಸುವುದು ಇದಕ್ಕಿಂತ ಮುಂದಿನ ಹಂತದಲ್ಲಿ. ಹುಡುಗಿಯರು ಸುಮಾರು 12ರ ಹೊತ್ತಿಗೆ, ಹುಡುಗರು ಸುಮಾರು 14ರ ಹೊತ್ತಿಗೆ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಮೂಳೆ ಉದ್ದವಾದಷ್ಟು ಬೇಗ ಸ್ನಾಯುವಿನ ಬಲ ಬರುವುದಿಲ್ಲ. ನಿನ್ನೆಯವರೆಗೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ತನ್ನ ಕಾಲನ್ನೇ ತಾನು ಎಡವಲು ಶುರು ಮಾಡುತ್ತಾನೆ. ಅವನನ್ನು ಸೋಮಾರಿ ಎಂದು ಬೈಯಬೇಡಿ. ತಿಂಗಳಿಗೊಮ್ಮೆ ಎತ್ತರ ಅಳೆಯಿರಿ, ಬೆಳವಣಿಗೆ ಜಿಗಿದಿರುವ ತಿಂಗಳುಗಳಲ್ಲಿ ಹೊರೆಯನ್ನು ಹೆಚ್ಚಿಸಬೇಡಿ, ಚಲನೆಯ ಶುದ್ಧತೆಗೆ ಸಮಯ ಕೊಡಿ.

ನಾರ್ಡಿಕ್ ವ್ಯಾಯಾಮವನ್ನು ಸರಿಯಾಗಿ ಮಾಡುವುದು ಹೇಗೆ?

ಇದು ಹ್ಯಾಮ್‌ಸ್ಟ್ರಿಂಗ್‌ಗೆ ಮಾಡಿಸುವ ಎಕ್ಸೆಂಟ್ರಿಕ್ ವ್ಯಾಯಾಮ. ಮೆತ್ತನೆಯ ಚಾಪೆ ಅಥವಾ ಮಡಿಸಿದ ಬಟ್ಟೆಯ ಮೇಲೆ ಮಂಡಿಯೂರಿ ನಿಲ್ಲಬೇಕು. ಜೊತೆಗಾರ ಹಿಂದೆ ಕೂತು ಎರಡೂ ಕಣಕಾಲುಗಳನ್ನು ಹಿಮ್ಮಡಿಗೆ ಸ್ವಲ್ಪ ಮೇಲೆ ಗಟ್ಟಿಯಾಗಿ ನೆಲಕ್ಕೆ ಒತ್ತಿ ಹಿಡಿಯಬೇಕು. ಮಂಡಿಯಿಂದ ತಲೆಯವರೆಗೆ ಮೈ ಒಂದೇ ಹಲಗೆ. ಈಗ ಮುಂದಕ್ಕೆ ವಾಲಬೇಕು, ಆದಷ್ಟು ನಿಧಾನವಾಗಿ.

ಮೊದಲ ಕೆಲವು ಇಂಚು ಸಲೀಸು. ನಂತರ ತೊಡೆಯ ಹಿಂಭಾಗ ಹಗ್ಗದಂತೆ ಬಿಗಿಯುತ್ತದೆ. ಒಂದು ಹಂತದಲ್ಲಿ ಹಿಡಿತ ಕೈತಪ್ಪಿ ದೇಹ ಜಾರಿಬಿಡುತ್ತದೆ. ಆಗ ಅಂಗೈಗಳನ್ನು ಮುಂದೆ ಚಾಚಿ ದಂಡ ಹೊಡೆಯುವವರಂತೆ ನೆಲವನ್ನು ಹಿಡಿಯಬೇಕು, ಕೈಯಿಂದ ಒತ್ತಿಕೊಂಡು ಮೇಲೆ ಬರಬೇಕು. ಮೇಲೆ ಬರುವಾಗ ಹ್ಯಾಮ್‌ಸ್ಟ್ರಿಂಗ್‌ನಿಂದಲೇ ಎಳೆದುಕೊಳ್ಳಬೇಕೆಂಬ ಹಟ ಬೇಡ. ಇಳಿಯುವುದೇ ಇಲ್ಲಿ ವ್ಯಾಯಾಮ.

ಬಹುತೇಕ ಎಲ್ಲರೂ ಮಾಡುವ ತಪ್ಪು ಒಂದೇ, ಸೊಂಟವನ್ನು ಹಿಂದಕ್ಕೆ ಮಡಿಸುವುದು. ಸೊಂಟ ಮಡಿಸಿದರೆ ಭಾರ ಹಗುರಾಗುತ್ತದೆ, ದೇಹ ತಾನಾಗಿಯೇ ಆ ಸುಲಭದ ದಾರಿ ಹುಡುಕುತ್ತದೆ. ಸೊಂಟ ಮಡಿಸಿ ಪೂರ್ತಿ ಇಳಿಯುವುದಕ್ಕಿಂತ ನೇರವಾಗಿದ್ದು ಕಾಲು ಭಾಗ ಇಳಿಯುವುದು ಮೇಲು. ತೀರಾ ಕಷ್ಟವಾದವರಿಗೆ ಎದೆಗೆ ದಪ್ಪ ರಬ್ಬರ್ ಪಟ್ಟಿಯೊಂದನ್ನು ಸುತ್ತಿ ಹಿಂದಿನಿಂದ ಹಿಡಿದುಕೊಳ್ಳಬಹುದು. ಹಿಡಿತ ಕೈತಪ್ಪುವ ಕೋನ ವಾರದಿಂದ ವಾರಕ್ಕೆ ನೆಲದತ್ತ ಸರಿಯುತ್ತಾ ಹೋದರೆ ಬಲ ಬರುತ್ತಿದೆ ಎಂದೇ ಅರ್ಥ.

ಎಷ್ಟು ಸಲ, ಎಷ್ಟು ವಾರ?

ಡೆನ್ಮಾರ್ಕಿನಲ್ಲಿ 50 ತಂಡಗಳ 942 ಪುರುಷ ಆಟಗಾರರ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ನಾರ್ಡಿಕ್ ಅಧ್ಯಯನದ ಕ್ರಮ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಮೊದಲ ವಾರ ಒಂದೇ ದಿನ, ಎರಡು ಸೆಟ್, ಐದೈದು ಸಲ. ಎರಡನೆಯ ವಾರ ಎರಡು ದಿನ, ಎರಡು ಸೆಟ್, ಆರಾರು ಸಲ. ಮೂರನೆಯ ವಾರದಿಂದ ಮೂರು ದಿನ, ಮೂರು ಸೆಟ್. ಐದನೆಯ ವಾರದಿಂದ ಹತ್ತನೆಯ ವಾರದವರೆಗೆ ಆ ಮೂರು ಸೆಟ್‌ಗಳಲ್ಲಿ ಕ್ರಮವಾಗಿ 12, 10, 8 ಸಲ. ಆಮೇಲೆ ವಾರಕ್ಕೊಮ್ಮೆ. ಇದನ್ನು ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯಗಳು 15, ಮಾಡದ ತಂಡಗಳಲ್ಲಿ 52.

ಅವರು ವಯಸ್ಕರು ಎಂಬುದನ್ನು ಮರೆಯಬಾರದು. ಹದಿನಾಲ್ಕು ಹದಿನೈದು ವರ್ಷದವರಿಗೆ ನಾನು ಮೊದಲ ಎರಡು ವಾರದ ಕ್ರಮವನ್ನೇ ನಾಲ್ಕು ವಾರಕ್ಕೆ ಹಿಗ್ಗಿಸುತ್ತೇನೆ, ದಿನಕ್ಕೆ 20 ಸಲ ದಾಟಿಸುವುದಿಲ್ಲ. ಕಡಿಮೆ ಪ್ರಮಾಣದಲ್ಲಿ ಮಾಡಿಸಿದಾಗಲೂ ಬಲ ಮತ್ತು ಸ್ನಾಯುವಿನ ಎಳೆಗಳ ಉದ್ದ ಹೆಚ್ಚು ಪ್ರಮಾಣದಲ್ಲಿ ಮಾಡಿಸಿದಾಗಿನಂತೆಯೇ ಹೆಚ್ಚಿದ ಪ್ರಯೋಗಗಳಿವೆ. ಆದ್ದರಿಂದ ಸಂಖ್ಯೆಯ ಹಿಂದೆ ಬೀಳುವ ಅಗತ್ಯವಿಲ್ಲ.

ನಾರ್ಡಿಕ್ ಒಂದೇ ಸಾಕೇ?

ಸಾಲದು. ಅದು ಮಂಡಿಯ ಕಡೆಯಿಂದ ಹ್ಯಾಮ್‌ಸ್ಟ್ರಿಂಗ್ ಅನ್ನು ಹಿಗ್ಗಿಸುತ್ತದೆ. ಸೊಂಟದ ಕಡೆಯಿಂದ ಹಿಗ್ಗಿಸಲು ಒಂಟಿ ಕಾಲಲ್ಲಿ ನಿಂತು, ಬೆನ್ನು ನೇರವಾಗಿಟ್ಟು, ಇನ್ನೊಂದು ಕಾಲನ್ನು ಹಿಂದಕ್ಕೆ ಚಾಚುತ್ತಾ ನಿಧಾನವಾಗಿ ಮುಂದಕ್ಕೆ ಬಾಗುವ ವ್ಯಾಯಾಮ ಬೇಕು. ಸಮತೋಲನಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ.

ತೊಡೆಸಂದಿಗೆ ಕೋಪನ್‌ಹೇಗನ್ ವ್ಯಾಯಾಮ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಜೊತೆಗಾರನ ಕೈಗೆ ಕೊಟ್ಟು, ಮೈಯನ್ನು ಎತ್ತಿ ನಿಧಾನವಾಗಿ ಇಳಿಸಬೇಕು. ನಾರ್ವೆಯ ಪುರುಷ ಆಟಗಾರರಲ್ಲಿ ಇದು ತೊಡೆಸಂದಿನ ತೊಂದರೆಗಳ ಅಪಾಯವನ್ನು 41 ಪ್ರತಿಶತ ತಗ್ಗಿಸಿತು. ಕಿರಿಯರಿಗೆ ಮೊದಲು ಕಣಕಾಲಿನ ಬದಲು ಮಂಡಿಯ ಬಳಿ ಹಿಡಿಸಿ.

ಮೀನಖಂಡಕ್ಕೆ ಮೆಟ್ಟಿಲಿನ ಅಂಚು ಸಾಕು: ಎರಡು ಕಾಲಲ್ಲಿ ಏರಿ, ಒಂದು ಕಾಲಲ್ಲಿ ಮೂರು ಎಣಿಸುತ್ತಾ ಇಳಿಯುವುದು. ತೊಡೆಯ ಮುಂಭಾಗಕ್ಕೆ ನಿಧಾನದ ಬಸ್ಕಿ, ಆಮೇಲೆ ಒಂಟಿ ಕಾಲ ಬಸ್ಕಿ.

ಮರುದಿನ ಮೈಯೆಲ್ಲ ನೋಯುತ್ತದೆ. ಇದು ಸಹಜವೇ?

ಸಹಜ. ಅಭ್ಯಾಸವಿಲ್ಲದ ಎಕ್ಸೆಂಟ್ರಿಕ್ ಕೆಲಸದಿಂದ ಸ್ನಾಯುವಿನ ಎಳೆಗಳಲ್ಲಿ ಅತಿ ಸೂಕ್ಷ್ಮ ಹಾನಿಯಾಗುತ್ತದೆ. ನೋವು ಕೂಡಲೇ ಬರುವುದಿಲ್ಲ, ಮರುದಿನ ಆರಂಭವಾಗಿ 24ರಿಂದ 72 ಗಂಟೆಗಳ ನಡುವೆ ತುದಿ ಮುಟ್ಟುತ್ತದೆ. ಒಂದು ಸಮಾಧಾನವಿದೆ: ಒಮ್ಮೆ ಈ ಹೊರೆ ಕಂಡ ಸ್ನಾಯು ಮುಂದಿನ ಸಲಕ್ಕೆ ಸಿದ್ಧವಾಗಿರುತ್ತದೆ. ಎರಡನೆಯ ಸಲದ ನೋವು ಮೊದಲಿನದಕ್ಕಿಂತ ಗಮನಾರ್ಹವಾಗಿ ಕಡಿಮೆ.

ನಾನು ಕೋಚಿಂಗ್ ಆರಂಭಿಸಿದ ವರ್ಷ ಹದಿನಾರು ವರ್ಷದ ಹುಡುಗರಿಗೆ ಮೊದಲ ದಿನವೇ ಮೂರು ಸೆಟ್, ಹತ್ತತ್ತು ಸಲ ಮಾಡಿಸಿದೆ. ಮೂರನೆಯ ದಿನ ಅವರು ಮೆಟ್ಟಿಲಿನ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು. ಅದಾದ ಮೇಲೆ ಇಬ್ಬರು ನಾರ್ಡಿಕ್ ಎಂಬ ಹೆಸರು ಕೇಳಿದರೇ ದೂರ ಸರಿಯತೊಡಗಿದರು. ಅವರ ನಂಬಿಕೆ ಮರಳಿ ಗಳಿಸಲು ಇಡೀ ಋತು ಹಿಡಿಯಿತು. ಮೊದಲ ವಾರ ಕಡಿಮೆ ಮಾಡಿಸಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಯಾವ ನೋವಿಗೆ ವೈದ್ಯರನ್ನು ಕಾಣಬೇಕು?

ಎರಡೂ ತೊಡೆಗಳು ಸಮನಾಗಿ ಜಡವಾಗಿ ನೋಯುತ್ತಿದ್ದರೆ ಕಾಯಬಹುದು. ಒಂದೇ ಬದಿಯಲ್ಲಿ, ಬೆರಳಿಟ್ಟು ತೋರಿಸುವಂಥ ನೋವಾದರೆ ಕಾಯಬೇಡಿ. ಬೆಳೆಯುವ ಮಕ್ಕಳಲ್ಲಿ ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗ ಸ್ನಾಯುವಿಗಿಂತ ದುರ್ಬಲ. ಮಂಡಿಯ ಕೆಳಗಿನ ಗುಬುಟು ನೋಯುತ್ತಿದ್ದರೆ ಆಸ್‌ಗುಡ್-ಶ್ಲಾಟರ್, ಹಿಮ್ಮಡಿಯ ಹಿಂಭಾಗ ನೋಯುತ್ತಿದ್ದರೆ ಸೀವರ್ ತೊಂದರೆ ಇರಬಹುದು. ಇವುಗಳಿಗೆ ಹೊರೆ ಇಳಿಸಬೇಕು. ಸ್ಪ್ರಿಂಟ್‌ನಲ್ಲೋ ಒದೆಯುವಾಗಲೋ ಟಕ್ಕೆಂದು ಸದ್ದಾಗಿ, ಪೃಷ್ಠದ ಕೆಳಗಿನ ಕೂರುವ ಮೂಳೆಯ ಬಳಿ ಅಥವಾ ಸೊಂಟದ ಮುಂಭಾಗದಲ್ಲಿ ತೀವ್ರ ನೋವು ಬಂದರೆ ಅದು ಬರೀ ಸ್ನಾಯು ಸೆಳೆತ ಎಂದು ತಳ್ಳಿಹಾಕಬೇಡಿ. ಮೂಳೆಯ ಚೂರೇ ಕಿತ್ತು ಬಂದಿರಬಹುದು, ಎಕ್ಸ್‌ರೇ ಬೇಕಾಗುತ್ತದೆ.

ವಾರದಲ್ಲಿ ಯಾವ ದಿನ ಮಾಡಿಸಬೇಕು?

ಪಂದ್ಯದ ಹಿಂದಿನ ದಿನ ಬೇಡ. ಭಾನುವಾರ ಪಂದ್ಯವಿದ್ದರೆ ಮಂಗಳವಾರ ಅಥವಾ ಬುಧವಾರ ಅಭ್ಯಾಸದ ಕೊನೆಯಲ್ಲಿ ಮಾಡಿಸಿ. ಅಭ್ಯಾಸಕ್ಕೆ ಮೊದಲೇ ಹೆಚ್ಚು ನಾರ್ಡಿಕ್ ಮಾಡಿಸಿದರೆ ದಣಿದ ಹ್ಯಾಮ್‌ಸ್ಟ್ರಿಂಗ್‌ನಲ್ಲೇ ಸ್ಪ್ರಿಂಟ್ ಓಡಬೇಕಾಗುತ್ತದೆ. 11+ ಕಾರ್ಯಕ್ರಮದಲ್ಲಿ ಇದು ಬೆಚ್ಚಗಾಗುವ ಭಾಗದಲ್ಲೇ ಇದೆಯಲ್ಲ ಎಂದು ಕೇಳುತ್ತಾರೆ. ಹೌದು, ಅಲ್ಲಿ ಆರಂಭದ ಹಂತದವರಿಗೆ ಮೂರರಿಂದ ಐದು ಸಲ ಮಾತ್ರ. ಅಷ್ಟಕ್ಕೆ ತೊಂದರೆಯಿಲ್ಲ.

ಹುಡುಗಿಯರಿಗೆ ಬೇರೆ ಕ್ರಮ ಬೇಕೇ?

ಕ್ರಮ ಬೇರೆ ಬೇಡ, ಒತ್ತು ಬೇರೆ ಬೇಕು. ಹದಿಹರೆಯದ ನಂತರ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜಿನ ಗಾಯದ ಅಪಾಯ ಹುಡುಗಿಯರಲ್ಲಿ ಹುಡುಗರಿಗಿಂತ ಹೆಚ್ಚು. ಅದರಲ್ಲಿ ಬಹುಪಾಲು ಯಾರೂ ತಾಗದೆಯೇ, ಇಳಿಯುವಾಗ ಅಥವಾ ತಿರುಗುವಾಗ ಆಗುವಂಥದ್ದು. ಹಾಗಾಗಿ ಇಳಿಯುವ ತಾಲೀಮಿಗೆ ಹೆಚ್ಚು ಹೊತ್ತು ಕೊಡಿ. ನಾರ್ವೆಯಲ್ಲಿ 13ರಿಂದ 17 ವರ್ಷದ ಸುಮಾರು 1,900 ಹುಡುಗಿಯರೊಂದಿಗೆ 11+ ಪರೀಕ್ಷಿಸಿದಾಗ ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಇಪ್ಪತ್ತು ನಿಮಿಷದ ಕೆಲಸ, ಚೆಂಡೊಂದನ್ನು ಬಿಟ್ಟರೆ ಉಪಕರಣ ಬೇಡ. ಇಷ್ಟಾಗಿಯೂ ಎಷ್ಟೋ ಹುಡುಗಿಯರ ತಂಡಗಳು ಎರಡು ಸುತ್ತು ಓಡಿ ನೇರ ಪಂದ್ಯಕ್ಕಿಳಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಫ್ಲೈವೀಲ್ ಯಂತ್ರ ಕೊಳ್ಳಬೇಕೇ?

ಅದು ಒಳ್ಳೆಯ ಸಾಧನ. ಚಕ್ರವನ್ನು ಎಳೆದು ತಿರುಗಿಸಿದರೆ ಅದು ಅಷ್ಟೇ ರಭಸದಿಂದ ಹಗ್ಗವನ್ನು ಹಿಂದಕ್ಕೆ ಸುತ್ತಿಕೊಳ್ಳುತ್ತದೆ, ನೀವು ಅದನ್ನು ತಡೆಯಬೇಕು. ಭಾರವಿಲ್ಲದ ಬಾಹ್ಯಾಕಾಶದಲ್ಲೂ ಸ್ನಾಯು ಸೊರಗದಂತೆ ಕಾಪಾಡಲು ಸ್ವೀಡನ್ನಿನಲ್ಲಿ ಹುಟ್ಟಿದ ಆಲೋಚನೆ ಇದು. ಆದರೆ ಕಿರಿಯರಿಗೆ ತಮ್ಮ ದೇಹದ ಭಾರವೇ ಬಹಳ ಕಾಲ ಸಾಕು. ಹದಿನೇಳು ಹದಿನೆಂಟು ವರ್ಷಕ್ಕೆ, ಒಂಟಿ ಕಾಲ ಬಸ್ಕಿಯನ್ನು ಶುದ್ಧವಾಗಿ ಎಂಟು ಸಲ ಮಾಡಬಲ್ಲವರಿಗೆ, ಅದರ ಬಗ್ಗೆ ಯೋಚಿಸಿ.

ಪ್ರಗತಿಯನ್ನು ಅಳೆಯುವುದು ಹೇಗೆ?

ನೆಲದ ಮೇಲೆ ವೈ ಆಕಾರದಲ್ಲಿ ಮೂರು ಟೇಪ್ ಅಂಟಿಸಿ. ಆಟಗಾರ ನಡುವಿನಲ್ಲಿ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಪಾದವನ್ನು ಮುಂದಕ್ಕೆ, ಹಿಂದಿನ ಎರಡು ಓರೆಗಳಿಗೆ ಎಷ್ಟು ದೂರ ಚಾಚಬಲ್ಲ ಎಂದು ಅಳೆಯಿರಿ. ಮುಂದಿನ ದಿಕ್ಕಿನಲ್ಲಿ ಎಡಬಲಗಳ ನಡುವೆ 4 ಸೆಂಟಿಮೀಟರ್‌ಗಿಂತ ಹೆಚ್ಚು ಅಂತರವಿದ್ದರೆ ಸೋತ ಕಾಲಿಗೆ ಹೆಚ್ಚು ಗಮನ ಕೊಡಿ. ಗೋಡೆಯ ಪಕ್ಕ ನಿಂತು ಹಾರಿ ಸುಣ್ಣದ ಗುರುತು ಹಾಕಿದರೆ ಜಿಗಿತದ ಲೆಕ್ಕ ಸಿಗುತ್ತದೆ. ಬೆಳೆಯುವ ಮಕ್ಕಳ ಅಂಕಿಗಳು ಎತ್ತರದೊಂದಿಗೆ ತಾವಾಗಿಯೇ ಬದಲಾಗುತ್ತವೆ, ಆದ್ದರಿಂದ ವಾರವಾರ ಅಳೆದು ಕೊರಗಬೇಡಿ. ಎಂಟು ವಾರಕ್ಕೊಮ್ಮೆ ಸಾಕು.

ರಜೆಯಲ್ಲಿ ಅಭ್ಯಾಸ ನಿಂತುಹೋದರೆ ಎಲ್ಲಿಂದ ಶುರು ಮಾಡಬೇಕು?

ನಾರ್ಡಿಕ್‌ನಿಂದ ಉದ್ದವಾದ ಸ್ನಾಯುವಿನ ಎಳೆಗಳು ವ್ಯಾಯಾಮ ನಿಲ್ಲಿಸಿದ ಎರಡು ವಾರಗಳಲ್ಲೇ ಹಳೆಯ ಅಳತೆಯತ್ತ ಮರಳತೊಡಗಿದ್ದು ದಾಖಲಾಗಿದೆ. ಬಲ ಅಷ್ಟು ಬೇಗ ಇಳಿಯುವುದಿಲ್ಲ. ಅದಕ್ಕೇ ಆಟಗಾರನಿಗೆ ಏನೂ ಬದಲಾಗಿಲ್ಲ ಎಂದೇ ಅನಿಸುತ್ತದೆ, ಮೊದಲ ದಿನವೇ ಪೂರ್ಣ ವೇಗದಲ್ಲಿ ಓಡಲು ಹೊರಡುತ್ತಾನೆ. ರಜೆಯಲ್ಲೂ ವಾರಕ್ಕೊಂದು ದಿನ ಎರಡು ಸೆಟ್, ನಾಲ್ಕು ನಾಲ್ಕು ಸಲ ಮಾಡುವಂತೆ ಹೇಳಿ ಕಳುಹಿಸಿ. ಮನೆಯಲ್ಲಿ ಅಣ್ಣನೋ ತಂಗಿಯೋ ಕಾಲು ಹಿಡಿದರಾಯಿತು. ಮೂರು ವಾರಕ್ಕಿಂತ ಹೆಚ್ಚು ಬಿಟ್ಟಿದ್ದರೆ ಐದೈದು ಸಲದ ಮೊದಲ ವಾರದಿಂದಲೇ ಮತ್ತೆ ಆರಂಭಿಸಿ, ಸ್ಪ್ರಿಂಟ್‌ನ ವೇಗವನ್ನೂ ಅದರ ಜೊತೆಜೊತೆಗೇ ಹಂತಹಂತವಾಗಿ ಏರಿಸಿ.